ಅಪ್ಪ ಅಮ್ಮನ್ನ ಬೆಂಗಳೂರಲ್ಲಿ ಸಿನಿಮಾಗೆ ಎಲ್ಲಿ ಕರ್ಕೊಂಡು ಹೋಗೋದು? ನಮ್ಮನೆ ಅನುಭವ

ಹಾಸನದಿಂದ ಅಪ್ಪ ಅಮ್ಮ ಬರ್ತಿದಾರೆ, ಅಮ್ಮಂಗೆ ಮಂಡಿ ನೋವು, ಅಪ್ಪಂಗೆ ಮೆಜೆಸ್ಟಿಕ್ಕಲ್ಲೇ ಒಂದು ಪಿಚ್ಚರ್ ನೋಡ್ಬೇಕಂತೆ, ಮಾಲ್‌ಗೆ ಹೋಗೋದಾ ಹಳೇ ಥಿಯೇಟರ್‌ಗಾ ಅಂತ ಕೇಳಿದೀರಲ್ಲ ಸರ್, ನಮ್ಮ ಅತ್ತೆ ಮಾವ ಬಂದಾಗೆಲ್ಲ ನಮ್ಮನೇಲೂ ಇದೇ ಪಂಚಾಯ್ತಿ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಮೊದ್ಲು ಮೆಟ್ಟಿಲು ನೋಡ್ಕೊಳ್ಳಿ, ಸ್ಕ್ರೀನು ಸೌಂಡು ಎಲ್ಲಾ ಆಮೇಲೆ. ಹಳೇ ಥಿಯೇಟರ್‌ಗಳಲ್ಲಿ ಬಾಲ್ಕನಿ ಅಂದ್ರೆ ಸಾಮಾನ್ಯವಾಗಿ ಒಂದು ಮಹಡಿ ಹತ್ತಲೇಬೇಕು, ಲಿಫ್ಟ್ ಇರೋದು ಅಪರೂಪ. ಮಾಲಲ್ಲಿ ಲಿಫ್ಟು ಎಸ್ಕಲೇಟರ್ ಎಲ್ಲಾ ಇದ್ರೂ ಹಾಲ್ ಒಳಗೆ ಹೋದ್ಮೇಲೆ ಕಷ್ಟ ಶುರು, ಎಷ್ಟೋ ಕಡೆ ಬಾಗಿಲು ಕೆಳಗಡೆ ಇರುತ್ತೆ, ಒಳ್ಳೆ ಸೀಟು ಅಂತ ನಾವು ಬುಕ್ ಮಾಡಿರೋ ಹಿಂದಿನ ಸಾಲು ಮೇಲ್ಗಡೆ, ಲೈಟ್ ಆಫ್ ಆದ್ಮೇಲೆ ಹೋದ್ರಂತೂ ಮೆಟ್ಟಿಲ ಅಂಚಲ್ಲಿರೋ ಸಣ್ಣ ದೀಪ ಬಿಟ್ರೆ ಏನೂ ಕಾಣಲ್ಲ, ಹಿಡ್ಕೊಳ್ಳೋಕೆ ಕಂಬೀನೂ ಇರಲ್ಲ. ನಮ್ಮತ್ತೆ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ನಿಂತು ಉಸಿರು ತಗೊಂಡೇ ಮುಂದಿಂದು ಹತ್ತೋದು, ಹಿಂದೆ ಪಾಪ್‌ಕಾರ್ನ್ ಟ್ರೇ ಹಿಡ್ಕೊಂಡು ಜನ ಕಾಯ್ತಾ ಇರ್ತಾರೆ, ಅವರಿಗೆ ಅದೇ ಒಂದು ಸಂಕೋಚ. ಅದಕ್ಕೆ ನಾವೀಗ ಬಾಗಿಲು ಎಲ್ಲಿದೆ ಅಂತ ವಿಚಾರಿಸಿ ಅದಕ್ಕೆ ಹತ್ತಿರದ ಸಾಲಲ್ಲಿ ಓಡಾಡೋ ದಾರಿ ಪಕ್ಕದ ಸೀಟೇ ತಗೊಳ್ಳೋದು, ಜಾಹೀರಾತು ಶುರುವಾಗೋ ಮುಂಚೆನೇ ಕೂರಿಸಿಬಿಡೋದು. ಒಂದು ಶಾಲು ಇರಲಿ, ಎಸಿ ತಡ್ಕೊಳ್ಳಲ್ಲ ಅವರು.

ಮೆಜೆಸ್ಟಿಕ್ ಬಗ್ಗೆ. ಅಪ್ಪಂಗೆ ಮೊದ್ಲೇ ಹೇಳಿ ಕರ್ಕೊಂಡು ಹೋಗಿ, ಅಲ್ಲಿ ಅವರು ನೋಡಿದ್ದ, ಸಾಲು ಸಾಲು ಥಿಯೇಟರ್ ಇದ್ದ ಕೆ.ಜಿ. ರಸ್ತೆ ಈಗಿಲ್ಲ. ಸಾಗರ್, ಅಲಂಕಾರ್, ಕಪಾಲಿ ಎಲ್ಲಾ ಹೋದ್ವು. ಸಂತೋಷ್, ನರ್ತಕಿ, ಅನುಪಮ ಉಳ್ಕೊಂಡಿವೆ. ನಮ್ಮಾವ ಫುಟ್‌ಪಾತಲ್ಲಿ ನಿಂತ್ಕೊಂಡು ಇಲ್ಲಿತ್ತು, ಇಲ್ಲೊಂದಿತ್ತು ಅಂತ ಕೈ ತೋರಿಸ್ತಾ ಹೋದ್ರು, ನಂಗೆ ನಿಜವಾಗ್ಲೂ ಹೊಟ್ಟೆ ಉರೀತು, ಅಂಥಾ ರಸ್ತೆನ ಹೀಗೆ ಖಾಲಿ ಮಾಡ್ಕೊಂಡ್ವಲ್ಲ ಅಂತ. ಆದ್ರೂ ಕರ್ಕೊಂಡು ಹೋಗಿ ಸರ್, ಹೀರೋ ಎಂಟ್ರಿಗೆ ಬೀಳೋ ವಿಶಲ್ಲು ಮಾಲಲ್ಲಿ ಆ ಮಟ್ಟಕ್ಕೆ ಸಿಗಲ್ಲ. ಬಿಡುಗಡೆ ಶುಕ್ರವಾರ ಮಾತ್ರ ಬೇಡ, ಪಟಾಕಿ ತಮಟೆ ನೂಕುನುಗ್ಗಲು. ಮಂಗಳವಾರ ಬುಧವಾರದ ಮ್ಯಾಟ್ನಿ ಆರಾಮ, ಅಮ್ಮಂಗೆ ಕೆಳಗಡೆ ಹಿಂದಿನ ಸಾಲು ತಗೊಂಡ್ರೆ ಬಾಲ್ಕನಿ ಹತ್ತೋದು ತಪ್ಪುತ್ತೆ. ಮಾಲಿಗೇ ಹೋಗೋದಾದ್ರೆ ಎರಡನೇ ವಾರಕ್ಕೆ ಅಂತ ಕಾಯ್ಬೇಡಿ, ಕನ್ನಡ ಸಿನಿಮಾಗೆ ಸೋಮವಾರದಿಂದಲೇ ಶೋ ಕಮ್ಮಿ ಮಾಡಿಬಿಡ್ತಾರೆ, ಇದೊಂದು ದೊಡ್ಡ ಅನ್ಯಾಯ.

ಟಿಕೆಟ್ ರೇಟು ಆ ದಿನ ಬುಕಿಂಗ್ ಆ್ಯಪಲ್ಲೇ ನೋಡ್ಕೊಳ್ಳಿ. 2025ರ ಸೆಪ್ಟೆಂಬರಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಅಂತ ಆದೇಶ ಮಾಡಿತ್ತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಡ್ತು, ಅದನ್ನ ನಂಬ್ಕೊಂಡು ಹೋಗ್ಬೇಡಿ. ಹೊರಗಿನ ತಿಂಡಿ ಬಿಡಲ್ಲ ಅನ್ನೋ ಹಕ್ಕು ಥಿಯೇಟರ್‌ನೋರಿಗೆ ಇದೆ, ಆದ್ರೆ ಕುಡಿಯೋ ನೀರು ಪುಕ್ಕಟೆ ಕೊಡ್ಲೇಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಸುಮ್ನೆ ಬಾಟಲಿಗೆ ದುಡ್ಡು ಕೊಡ್ಬೇಡಿ, ಕೇಳಿ.

ಇನ್ನೊಂದು, ಯಾರೂ ಹೇಳಿಲ್ಲ ಅಂತ ಹೇಳ್ತಿದೀನಿ. ಒಂದು ಸಂಜೆ ಜೆ.ಪಿ. ನಗರದಲ್ಲಿರೋ ರಂಗಶಂಕರ ಅನ್ನೋ ನಾಟಕದ ಥಿಯೇಟರ್‌ಗೆ ಹೋಗಿ. ನಟ ಶಂಕರ್ ನಾಗ್ ನೆನಪಲ್ಲಿ ಅವರ ಹೆಂಡ್ತಿ ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿದ್ದು, 2004ರಿಂದ ನಡೀತಿದೆ. ನಾಟಕ ಏಳೂವರೆ ಅಂದ್ರೆ ಏಳೂವರೆಗೇ, ಲೇಟಾದ್ರೆ ಒಳಗೆ ಬಿಡಲ್ಲ, ಟ್ರಾಫಿಕ್ ಲೆಕ್ಕ ಹಾಕ್ಕೊಂಡು ಬೇಗ ಹೊರಡಿ. ಮುಂಚೆನೇ ಹೋದ್ರೆ ಅಲ್ಲೇ ಕೆಫೆಲಿ ಅಕ್ಕಿರೊಟ್ಟಿ ತಿನ್ಬೋದು. ನಮ್ಮಾವಂಗೆ ಸಿನಿಮಾಗಿಂತ ಅದೇ ಹಿಡಿಸ್ತು, ಮುಂದಿನ ಸಲ ಬಂದಾಗ ಅವರೇ ಕೇಳಿದ್ರು.

ನೀವಿರೋದು ಯಾವ ಏರಿಯಾ, ಯಾವತ್ತು ಬರ್ತಿದಾರೆ ಅಂತ ಹೇಳಿ, ಹತ್ತಿರದಲ್ಲಿ ಮೆಟ್ಟಿಲು ಕಮ್ಮಿ ಇರೋ ಹಾಲ್ ಯಾವ್ದು ಅಂತ ಇಲ್ಲಿರೋರು ಯಾರಾದ್ರೂ ಖಂಡಿತ ಹೇಳ್ತಾರೆ.