ಚಿನ್ನದ ರಟ್ಟಿನ ಪುಸ್ತಕ: ಹರಳುಗಳು ಯಾಕೆ ಕಾಲಿನ ಮೇಲೆ ನಿಂತಿವೆ?

ಪುಸ್ತಕದಹುಳ:
ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿ ಲಿಂಡಾವ್ ಸುವಾರ್ತೆ ಅಂತ, ಯೇಸುವಿನ ಕಥೆ ಹೇಳುವ ಒಂದು ಕೈಬರಹದ ಪುಸ್ತಕ ಇದೆ. ಅದರ ಫೋಟೋ ನೋಡುತ್ತಿದ್ದೆ. ಮುಂದಿನ ರಟ್ಟು ಸುಮಾರು 870ರ ಕಾಲದ್ದಂತೆ. ನಡುವೆ ಶಿಲುಬೆಯ ಮೇಲೆ ಯೇಸು, ಸುತ್ತ ದುಃಖಿಸುವವರು, ಎಲ್ಲ ಚಿನ್ನದಲ್ಲಿ. ಇದು ಗಟ್ಟಿ ಚಿನ್ನನಾ? ಹರಳುಗಳನ್ನು ಅಷ್ಟು ಎತ್ತರಕ್ಕೆ ಯಾಕೆ ಕೂರಿಸಿದ್ದಾರೆ? ತಗಲಿ ಕಿತ್ತು ಬರಲ್ವಾ?

ದಾರಿಹೋಕ:
ಗಟ್ಟಿ ಆಗಿದ್ದರೆ ಓದುವವನ ತೊಡೆ ಮುರಿಯುತ್ತಿತ್ತು. ಒಳಗೆ ಮರದ ಹಲಗೆ, ಮೇಲೆ ತಗಡು, ಅಷ್ಟೇ.

ಊದುಕೊಳವೆ:
ನಮ್ಮದು ಅಕ್ಕಸಾಲಿಗರ ಮನೆ. ನಾನು ಕಂಪ್ಯೂಟರ್ ಕುಟ್ಟುವವನು, ಆದರೆ ಅಪ್ಪ ದೇವರ ಬೆಳ್ಳಿ ಕವಚ ಮಾಡುವುದನ್ನು ನೋಡಿಕೊಂಡೇ ಬೆಳೆದೆ. ಅರಗಿನ ಮೇಲೆ ತಗಡು ಮಲಗಿಸಿ, ಹಿಂದಿನಿಂದ ಬಡಿದು ಮೂಗು, ಕೆನ್ನೆ ಎಬ್ಬಿಸುತ್ತಿದ್ದರು. ಬಡಿದಷ್ಟೂ ಲೋಹ ಗಡಸಾಗುತ್ತದೆ. ಮತ್ತೆ ಕಾಯಿಸಿ ಮೆತ್ತಗೆ ಮಾಡಬೇಕು. ಒಮ್ಮೆ ನನ್ನ ಕೈಗೆ ಉಳಿ ಕೊಟ್ಟರು, ದೇವಿಯ ಕೆನ್ನೆಗೆ ತೂತು ಬಿತ್ತು. ಅಪ್ಪ ಬೈಯಲಿಲ್ಲ, ಸುಮ್ನೆ ತಗಡು ಕರಗಿಸಿದರು. ಬೈದಿದ್ದರೇ ವಾಸಿ ಇತ್ತು.

ನಿಮ್ಮ ಫೋಟೋದಲ್ಲಿರುವ ಯೇಸು ಎದ್ದದ್ದೂ ಹೀಗೆ ಬಡಿದೇ. 12ನೇ ಶತಮಾನದ ಶುರುವಿನಲ್ಲಿ ಥಿಯೋಫಿಲಸ್ ಎಂಬ ಸನ್ಯಾಸಿ ಈ ಕಸುಬನ್ನು ಲ್ಯಾಟಿನ್‌ನಲ್ಲಿ ಬರೆದಿಟ್ಟಿದ್ದಾನೆ. ರಾಳ, ಮೇಣ, ಇಟ್ಟಿಗೆ ಪುಡಿ ಬೆರೆಸುವ ಹದವೂ ಅದರಲ್ಲಿದೆ. ಓದಿ ನಗು ಬಂತು. ಅಪ್ಪನ ಅರಗಿನಲ್ಲೂ ಇಟ್ಟಿಗೆ ಪುಡಿಯೇ!

ಇನ್ನು ಹರಳು. ಅವನ್ನು ಈಗಿನ ವಜ್ರದ ಹಾಗೆ ಮುಖ ಮುಖವಾಗಿ ಕತ್ತರಿಸಿಲ್ಲ, ಗುಂಡಗೆ ಉಜ್ಜಿದ್ದಾರೆ. ತಗಡಿಗೆ ಒತ್ತಿ ಕೂರಿಸಿದರೆ ಮಂಕಾಗುತ್ತವೆ. ಎತ್ತಿ ನಿಲ್ಲಿಸಿದರೆ ಕೆಳಗಿನಿಂದಲೂ ಬೆಳಕು ನುಗ್ಗುತ್ತದೆ. ಇನ್ನೊಂದು ಉಪಯೋಗ: ಪುಸ್ತಕ ಬಿಚ್ಚಿದಾಗ ಮುಂದಿನ ರಟ್ಟು ಮೇಜಿನ ಮೇಲೆ ಬೋರಲು ಬೀಳುತ್ತದೆ ಅಲ್ವಾ? ಭಾರ ತಗಡಿನ ಮುಖಗಳ ಮೇಲೆ ಬಿದ್ದರೆ ಚಪ್ಪಟೆ. ಹರಳಿನ ಗುಪ್ಪೆಗಳು ಸುಮಾರು ಒಂದಿಂಚು ಎತ್ತರ ಇರುವುದರಿಂದ ಭಾರ ಅವೇ ಹೊರುತ್ತವೆ.

ಪುಸ್ತಕದಹುಳ:
ಬೋರಲು ಬೀಳುವುದು ಹೊಳೆದೇ ಇರಲಿಲ್ಲ! ಹಿಂದಿನ ರಟ್ಟು ಯಾಕೆ ಬೇರೆ ಥರ ಇದೆ?

ಊದುಕೊಳವೆ:
ಅದು ಇನ್ನೂ ಹಳೇದು, 8ನೇ ಶತಮಾನದ ಕೊನೆಯದು. ಒಳಗಿನ ಹಾಳೆಗಳಿಗಿಂತಲೂ ಹಳೇ ರಟ್ಟು! ಅದರಲ್ಲಿ ಮೀನಾ ಕೆಲಸ, ಅಂದರೆ ಲೋಹದ ಮೇಲೆ ಬಣ್ಣದ ಗಾಜು ಕರಗಿಸಿ ಕೂರಿಸುವ ಕೆಲಸ, ಜಾಸ್ತಿ.

ಅಪ್ಪನಿಗೆ ನಿಮ್ಮ ಫೋಟೋ ತೋರಿಸಿದೆ. ಚಿನ್ನ ಎಷ್ಟು ತೂಕ ಅಂತ ಕೇಳಲಿಲ್ಲ. ಕನ್ನಡಕ ಮೇಲೇರಿಸಿ, "ಎಷ್ಟು ಸಲ ಕಾಯಿಸಿದ್ನೋ ಪುಣ್ಯಾತ್ಮ" ಅಂದರು.