ಮುಳ್ಳು ನೂರು ತೋರಿಸಿದರೆ ಕಾರು ನೂರರಲ್ಲಿದೆಯೇ? ಸ್ಪೀಡೋಮೀಟರ್ ಪ್ರಶ್ನೋತ್ತರ

ಪ್ರಶ್ನೆ (ಶಿಕ್ಷಕರು, ಮಂಡ್ಯ)

ನಮಸ್ಕಾರ. ಇತ್ತೀಚೆಗೆ ಹಳೆಯ ಕಾರೊಂದನ್ನು ಕೊಂಡೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮುಳ್ಳು ಸರಿಯಾಗಿ 100ರಲ್ಲಿ ನಿಂತಿದ್ದಾಗ ಮೊಬೈಲಿನ ನಕ್ಷೆ 94 ತೋರಿಸುತ್ತದೆ. ಬಾಗಿಲ ಬಳಿಯ ಚೀಟಿಯಲ್ಲಿ ಟೈರ್ ಅಳತೆ 165/80 ಆರ್14 ಎಂದಿದೆ. ಹಿಂದಿನ ಮಾಲೀಕರು ಅಲಾಯ್ ಚಕ್ರದೊಂದಿಗೆ 185/65 ಆರ್15 ಹಾಕಿಸಿದ್ದಾರೆ. ಗ್ಯಾರೇಜಿನವರು ಟೈರ್ ದೊಡ್ಡದಾಗಿರುವುದೇ ಕಾರಣ, ಮೀಟರ್ ಕ್ಲಸ್ಟರನ್ನೇ, ಅಂದರೆ ಮೀಟರುಗಳಿರುವ ಇಡೀ ಫಲಕವನ್ನೇ ಬದಲಿಸಬೇಕು ಎನ್ನುತ್ತಾರೆ. ನಿಜವೇ?

ಉತ್ತರ (ಆಟೊ ಎಲೆಕ್ಟ್ರಿಷಿಯನ್, ಹಾಸನ)

ಮೇಷ್ಟ್ರೇ, ಕ್ಲಸ್ಟರ್ ಬದಲಿಸಬೇಡಿ. ನೀವು ಬರೆದಿರುವುದರಲ್ಲಿ ಮೀಟರ್ ಕೆಟ್ಟಿರುವ ಲಕ್ಷಣ ಒಂದೂ ನನಗೆ ಕಾಣುತ್ತಿಲ್ಲ.

ಮೊದಲು ಟೈರ್ ಲೆಕ್ಕ. 165/80 ಆರ್14 ಎಂದರೆ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 80, ಅಂದರೆ 132 ಮಿ.ಮೀ. ಗೋಡೆ ಮೇಲೂ ಕೆಳಗೂ ಇರುವುದರಿಂದ ಎರಡರಷ್ಟು, 264. ರಿಮ್ 14 ಇಂಚು, ಅಂದರೆ 355.6. ಒಟ್ಟು ವ್ಯಾಸ 619.6 ಮಿ.ಮೀ. ನಿಮ್ಮ ಈಗಿನ ಟೈರಿಗೆ ಇದೇ ಲೆಕ್ಕ ಹಾಕಿದರೆ 621.5 ಬರುತ್ತದೆ. ವ್ಯತ್ಯಾಸ ನೂರಕ್ಕೆ ಅರ್ಧವೂ ಇಲ್ಲ. ರಿಮ್ ದೊಡ್ಡದಾದಷ್ಟೇ ಗೋಡೆ ಗಿಡ್ಡವಾಗಿದೆ. ಹಿಂದಿನ ಮಾಲೀಕರು ಅಥವಾ ಅವರಿಗೆ ಟೈರ್ ಕೊಟ್ಟವರು ಲೆಕ್ಕ ತಿಳಿದೇ ಆರಿಸಿದ್ದಾರೆ. ಇನ್ನೊಂದು ವಿಷಯ: ಟೈರ್ ನಿಜವಾಗಿ ದೊಡ್ಡದಾಗಿದ್ದರೆ ಮುಳ್ಳು ಕಡಿಮೆ ತೋರಿಸಬೇಕಿತ್ತು. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರ್ ಎಣಿಸುವುದು ಸುತ್ತುಗಳನ್ನು ಮಾತ್ರ. ನಿಮ್ಮ ಮುಳ್ಳು ಹೆಚ್ಚು ತೋರಿಸುತ್ತಿದೆ. ಹಾಗಾಗಿ ಗ್ಯಾರೇಜಿನವರು ಹೇಳಿದ ಕಾರಣ ಉಲ್ಟಾ ಆಗಿದೆ.

ಹಾಗಾದರೆ ಆ 6 ಎಲ್ಲಿಂದ ಬಂತು? ಕಾರು ತಯಾರಿಸುವವರೇ ಇಟ್ಟಿದ್ದು. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 39ನೇ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚು ತೋರಿಸಬಹುದು, ಅದಕ್ಕೂ ಮಿತಿಯಿದೆ: ನಿಜವಾದ ವೇಗದ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ ಗಂಟೆಗೆ 4 ಕಿ.ಮೀ. 94ಕ್ಕೆ ಲೆಕ್ಕ ಹಾಕಿದರೆ 13.4 ಕಿ.ಮೀ.ವರೆಗೆ ಹೆಚ್ಚು ತೋರಿಸಲು ಅವಕಾಶವಿದೆ. ನಿಮ್ಮದು 6. ಟೈರ್ ಹೊಸದಿರಲಿ, ಸವೆದಿರಲಿ, ಗಾಳಿ ಹೆಚ್ಚು ಕಡಿಮೆ ಇರಲಿ, ಮುಳ್ಳು ಎಂದಿಗೂ ಕಡಿಮೆ ತೋರಿಸಬಾರದೆಂದು ತಯಾರಕರು ಮೊದಲೇ ಸ್ವಲ್ಪ ಮೇಲಕ್ಕೆ ಹೊಂದಿಸಿರುತ್ತಾರೆ.

ಆದರೂ ಖಚಿತಪಡಿಸಿಕೊಳ್ಳಲು ಒಂದು ಪರೀಕ್ಷೆ ಇದೆ. ಅದಕ್ಕೆ ಕಾಸು ಖರ್ಚಿಲ್ಲ, ಯಾವ ಗ್ಯಾರೇಜೂ ಬೇಡ. ಮುಳ್ಳನ್ನು ಬಿಟ್ಟು ಓಡೋಮೀಟರನ್ನು, ಅಂದರೆ ಕಿಲೋಮೀಟರ್ ಎಣಿಸುವ ಅಂಕಿಗಳನ್ನು ನೋಡಿ. ಐವತ್ತು ಕಿ.ಮೀ. ಮೇಲ್ಪಟ್ಟ ದೂರವನ್ನು ಮೊಬೈಲ್ ನಕ್ಷೆಯ ದೂರದೊಂದಿಗೆ ಹೋಲಿಸಿ. ಇಂದಿನ ಕಾರುಗಳಲ್ಲಿ ಮುಳ್ಳಿಗೆ ಸೇರಿಸುವ ಹೆಚ್ಚುವರಿಯನ್ನು ಓಡೋಮೀಟರಿಗೆ ಸೇರಿಸುವುದಿಲ್ಲ. ಓಡೋಮೀಟರ್ ಸರಿಯಾಗಿದ್ದು ಮುಳ್ಳು ಮಾತ್ರ ಹೆಚ್ಚು ತೋರಿಸಿದರೆ ಅದು ತಯಾರಕರ ಹೊಂದಾಣಿಕೆ. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಟೈರ್ ಅಳತೆ ಅಥವಾ ಸುತ್ತು ಎಣಿಸಿ ಮೀಟರಿಗೆ ತಿಳಿಸುವ ಸೆನ್ಸರಿನ ಸಂಕೇತದ ಕಡೆ ನೋಡಬೇಕು.

ಪ್ರಶ್ನೆ (ಮಂಡ್ಯದವರೇ)

ಧನ್ಯವಾದಗಳು ಸರ್. ಇನ್ನೆರಡು ಸಂದೇಹ. ಮೊಬೈಲಿನ ವೇಗವನ್ನು ಎಷ್ಟರಮಟ್ಟಿಗೆ ನಂಬಬಹುದು? ಮುಳ್ಳು 6 ಹೆಚ್ಚು ತೋರಿಸುತ್ತದೆ ಎಂದಮೇಲೆ 106ರಲ್ಲಿ ಓಡಿಸಿದರೆ ಕ್ಯಾಮೆರಾಕ್ಕೆ ಸಿಗುವುದಿಲ್ಲ ಅಲ್ಲವೇ?

ಉತ್ತರ

ನೇರವಾದ, ಆಕಾಶ ತೆರೆದಿರುವ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿರುವಾಗ ಮೊಬೈಲ್ ತೋರಿಸುವ ವೇಗ ಚೆನ್ನಾಗಿ ನಂಬಿಕೆಗೆ ಅರ್ಹ. ವೇಗ ಹೆಚ್ಚಿಸುವಾಗ, ಬ್ರೇಕ್ ಹಾಕುವಾಗ ಅದು ತಡವಾಗಿ ಬದಲಾಗುತ್ತದೆ. ಮೇಲ್ಸೇತುವೆಯ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ತಪ್ಪುತ್ತದೆ. ಮೊಬೈಲೇ ಬೇಡವೆಂದರೆ ಪಕ್ಕದಲ್ಲಿ ಕುಳಿತವರು (ಓಡಿಸುವವರಲ್ಲ) ಎರಡು ಕಿಲೋಮೀಟರ್ ಕಲ್ಲುಗಳ ನಡುವಿನ ಸೆಕೆಂಡುಗಳನ್ನು ಎಣಿಸಲಿ. 3600ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ವೇಗ ಸಿಗುತ್ತದೆ. 45 ಸೆಕೆಂಡ್ ಆದರೆ 80, 60 ಸೆಕೆಂಡ್ ಆದರೆ 60. ಕಲ್ಲುಗಳ ಅಂತರ ಎಲ್ಲ ಕಡೆ ಒಂದೇ ಇರುವುದಿಲ್ಲ, ಆದ್ದರಿಂದ ಐದಾರು ಕಲ್ಲುಗಳ ಮೇಲೆ ಸರಾಸರಿ ತೆಗೆಯಿರಿ.

40, 60, 80 ಮೂರರಲ್ಲೂ ನೋಡಿ. ವ್ಯತ್ಯಾಸ ವೇಗದೊಂದಿಗೆ ಬೆಳೆಯುತ್ತ ಹೋದರೆ ಅದು ಅನುಪಾತದ ವಿಷಯ: ಟೈರ್, ಸಂಕೇತ ಅಥವಾ ತಯಾರಕರ ಹೊಂದಾಣಿಕೆ. ಎಲ್ಲ ವೇಗದಲ್ಲೂ ವ್ಯತ್ಯಾಸ ಒಂದೇ ಇದ್ದರೆ, ಕಾರು ನಿಂತಾಗ ಮುಳ್ಳು ಸೊನ್ನೆಯ ಗೆರೆಯ ಮೇಲೆ ಕೂರದಿದ್ದರೆ, ಯಾರೋ ಕ್ಲಸ್ಟರ್ ಬಿಚ್ಚಿ ಮುಳ್ಳನ್ನು ಓರೆಯಾಗಿ ಕೂರಿಸಿದ್ದಾರೆಂದು ಅರ್ಥ. ಹಳೆಯ ಕಾರು ಕೊಳ್ಳುವವರು ಇದನ್ನು ತಪ್ಪದೆ ಗಮನಿಸಬೇಕು. ಕ್ಲಸ್ಟರ್ ಬಿಚ್ಚಲು ಮುಖ್ಯ ಕಾರಣವೇ ಕಿಲೋಮೀಟರ್ ಅಂಕಿ ಇಳಿಸುವುದು. ಹಾಗೆ ಇಳಿಸುವುದು ಕೊಳ್ಳುವವರಿಗೆ ಮಾಡುವ ವಂಚನೆ. ನಿಜವಾದ ರಿಪೇರಿಗಾಗಿ ಯಾರಾದರೂ ಕ್ಲಸ್ಟರ್ ತೆಗೆದರೆ, ತೆಗೆಯುವ ಮುನ್ನ ಇದ್ದ ಕಿಲೋಮೀಟರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಎರಡನೆಯ ಸಂದೇಹಕ್ಕೆ: ಕ್ಯಾಮೆರಾ ನಿಮ್ಮ ಮುಳ್ಳನ್ನು ನೋಡುವುದಿಲ್ಲ, ನಿಜವಾದ ವೇಗವನ್ನು ಅಳೆಯುತ್ತದೆ. ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಪ್ರಕಾರ ಕಾರಿಗೆ ದಂಡ 1000 ರೂಪಾಯಿಯಿಂದ ಶುರು. ಆದರೆ ನನಗೆ ದಂಡಕ್ಕಿಂತ ದೊಡ್ಡ ಚಿಂತೆ ಬೇರೆ. ಆ 6 ಕಿ.ಮೀ. ತಯಾರಕರು ನಿಮ್ಮ ರಕ್ಷಣೆಗೆ ಬಿಟ್ಟ ಜಾಗ. ಅದನ್ನು ಖರ್ಚು ಮಾಡಬೇಡಿ. ಮುಳ್ಳು 100ರಲ್ಲಿರಲಿ, ಸಾಕು.

ಪ್ರಶ್ನೆ (ಕಾಫಿ ಬೆಳೆಗಾರರು, ಸಕಲೇಶಪುರ)

ತೋಟದ ಬೊಲೆರೊ. ಮೂಲ ಟೈರ್ 215/75 ಆರ್15. ಮಳೆಗಾಲದ ಕೆಸರಿಗೆಂದು 31 ಇಂಚಿನ ಟೈರ್ ಹಾಕಿಸಿದ್ದೇವೆ. ಆಮೇಲೆ ಮೈಲೇಜ್ ತುಂಬಾ ಬಿದ್ದಿದೆ ಎಂದು ಡ್ರೈವರ್ ಹೇಳುತ್ತಾನೆ. ಮೀಟರಿಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ

ಇದೆ ಸರ್, ಮತ್ತು ಮೇಲಿನ ಮೇಷ್ಟ್ರ ಪ್ರಶ್ನೆಗಿಂತ ನಿಮ್ಮದು ಗಂಭೀರ. ಮೂಲ ಟೈರಿನ ವ್ಯಾಸ 703.5 ಮಿ.ಮೀ. 31 ಇಂಚು ಎಂದರೆ ಸುಮಾರು 787. ಹತ್ತಿರ ಹತ್ತಿರ ಶೇ. 12 ಹೆಚ್ಚು. ಮೀಟರ್ ತೋರಿಸುವ ಪ್ರತಿ 80 ಕಿ.ಮೀ.ಗೆ ನೀವು ಸುಮಾರು 89ರಲ್ಲಿ ಇರುವ ಸಾಧ್ಯತೆಯಿದೆ. ತಯಾರಕರ ಹೆಚ್ಚುವರಿ ಇದರಲ್ಲಿ ಸ್ವಲ್ಪ ಭಾಗವನ್ನು ತಿಂದುಹಾಕಬಹುದು, ಪೂರ್ತಿ ಅಲ್ಲ. ಮುಳ್ಳು ಹೆಚ್ಚು ತೋರಿಸುವುದು ತೊಂದರೆಯಲ್ಲ, ಕಡಿಮೆ ತೋರಿಸುವುದು ಅಪಾಯ. ಶಿರಾಡಿ ಘಾಟಿಯ ತಿರುವಿಗೆ 50 ಎಂದುಕೊಂಡು ಬರುವ ಗಾಡಿ ನಿಜಕ್ಕೂ 55 ದಾಟಿರುತ್ತದೆ. ಅದರ ಜೊತೆಗೆ ದೊಡ್ಡ ಚಕ್ರವನ್ನು ನಿಲ್ಲಿಸಲು ಅದೇ ಹಳೆಯ ಬ್ರೇಕಿಗೆ ಹೆಚ್ಚು ಬಲ ಬೇಕು. ಎರಡೂ ತಪ್ಪುಗಳು ಒಂದೇ ದಿಕ್ಕಿನಲ್ಲಿ ಸೇರುತ್ತವೆ.

ಡ್ರೈವರ್ ಹೇಳಿದ್ದು ಅರ್ಧ ನಿಜ. ಓಡೋಮೀಟರ್ ಸಹ ಅಷ್ಟೇ ಪ್ರಮಾಣದಲ್ಲಿ ಕಡಿಮೆ ಎಣಿಸುತ್ತಿದೆ. 10,000 ಎಂದು ತೋರಿಸಿದಾಗ ಗಾಡಿ ಓಡಿರುವುದು ಸುಮಾರು 11,200. ಆದ್ದರಿಂದ ಮೈಲೇಜನ್ನು 1.12ರಿಂದ ಗುಣಿಸಿ ನೋಡಿ, ಬಿದ್ದದ್ದರಲ್ಲಿ ಒಂದು ಪಾಲು ವಾಪಸು ಬರುತ್ತದೆ. ಉಳಿದದ್ದು ಭಾರವಾದ ಟೈರಿನ ಖರ್ಚು. ಎಂಜಿನ್ ಆಯಿಲ್ ಬದಲಿಸುವುದನ್ನೂ ಈ ಲೆಕ್ಕದಂತೆ ಮುಂಚೆಯೇ ಮಾಡಿಸಿ.

ನನ್ನ ಸಲಹೆ: ಮೂಲ ಅಳತೆಯಲ್ಲೇ ಕೆಸರಿಗೆ ಒಗ್ಗುವ ಆಳ ಹಲ್ಲಿನ ಟೈರ್ ಸಿಗುತ್ತದೆ, ಅದನ್ನು ಹಾಕಿಸಿ. ಈ ಟೈರೇ ಬೇಕೆಂದರೆ ಮೀಟರನ್ನು ಹೊಂದಿಸಲೇಬೇಕು. ಕೇಬಲ್ ಇರುವ ಹಳೆಯ ಗಾಡಿಯಾದರೆ ಗೇರ್‌ಬಾಕ್ಸಿನಲ್ಲಿ ಕೇಬಲನ್ನು ತಿರುಗಿಸುವ ಸಣ್ಣ ಹಲ್ಲಿನ ಚಕ್ರವನ್ನು ಬೇರೆ ಹಲ್ಲಿನ ಸಂಖ್ಯೆಯದಕ್ಕೆ ಬದಲಿಸಬಹುದು, ಸರಿಹೊಂದುವುದು ಸಿಕ್ಕರೆ. ಸೆನ್ಸರ್ ಇರುವ ಗಾಡಿಯಾದರೆ ಸೆನ್ಸರಿಗೂ ಮೀಟರಿಗೂ ನಡುವೆ ಸಂಕೇತದ ಪ್ರಮಾಣ ಬದಲಿಸುವ ಸಣ್ಣ ಪೆಟ್ಟಿಗೆ ಕೂರಿಸುತ್ತಾರೆ. ಕೆಲವು ಹೊಸ ಗಾಡಿಗಳಲ್ಲಿ ಕಂಪನಿಯ ಸ್ಕ್ಯಾನರಿನಿಂದಲೇ ಟೈರ್ ಅಳತೆ ಬದಲಿಸಲು ಬರುತ್ತದೆ, ಸರ್ವಿಸ್ ಕೇಂದ್ರದಲ್ಲಿ ಮೊದಲು ಅದನ್ನು ಕೇಳಿ. ಮುಳ್ಳನ್ನು ಕಿತ್ತು ಮುಂದಕ್ಕೆ ಕೂರಿಸಿಕೊಡುತ್ತೇನೆ ಎನ್ನುವವರ ಮಾತು ಕೇಳಬೇಡಿ. ಅದು ಒಂದು ವೇಗದಲ್ಲಿ ಮಾತ್ರ ಸರಿಯಾಗಿ, ಉಳಿದೆಲ್ಲ ವೇಗದಲ್ಲಿ ತಪ್ಪುತ್ತದೆ. ಓಡೋಮೀಟರಿಗೆ ಏನೂ ಆಗುವುದಿಲ್ಲ.

ಪ್ರಶ್ನೆ (ಗೃಹಿಣಿ, ಶಿವಮೊಗ್ಗ)

ಅಣ್ಣ, ಮುಂದಿನ ಎಡಚಕ್ರದಲ್ಲಿ ಹೂಂಕಾರದ ಸದ್ದು ಬರುತ್ತಿತ್ತು, ಬೇರಿಂಗ್ ಬದಲಿಸಿದರು. ಸದ್ದು ಹೋಯಿತು. ಆದರೆ ಅಂದಿನಿಂದ ಎಬಿಎಸ್ ದೀಪ ಹತ್ತಿಯೇ ಇದೆ, ವೇಗದ ಮುಳ್ಳು ಆಗಾಗ ಸೊನ್ನೆಗೆ ಬೀಳುತ್ತದೆ. ಮೀಟರ್ ಸುಟ್ಟಿದೆ ಎನ್ನುತ್ತಾರೆ.

ಉತ್ತರ

ಅಕ್ಕ, ಬೇರಿಂಗ್ ಬದಲಿಸಿದ ದಿನದಿಂದ ಎಂದು ನೀವೇ ಬರೆದಿದ್ದೀರಿ. ಅಲ್ಲಿಂದಲೇ ಹುಡುಕಬೇಕು, ಮೀಟರಿನಿಂದ ಅಲ್ಲ.

ಈಗಿನ ಅನೇಕ ಕಾರುಗಳಲ್ಲಿ ಮೀಟರಿಗೆ ವೇಗದ ಮಾಹಿತಿ ಎಬಿಎಸ್‌ನ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆಯ) ಚಕ್ರ ಸೆನ್ಸರುಗಳಿಂದ ಬರುತ್ತದೆ. ಬೇರಿಂಗಿನ ಒಂದು ಬದಿಯ ಕಪ್ಪು ಸೀಲಿನಲ್ಲಿ ಕಣ್ಣಿಗೆ ಕಾಣದ ಅಯಸ್ಕಾಂತದ ಪಟ್ಟಿಗಳಿರುತ್ತವೆ. ಚಕ್ರ ತಿರುಗುವಾಗ ಸೆನ್ಸರ್ ಅವನ್ನು ಎಣಿಸುತ್ತದೆ. ಆ ಬದಿ ಸೆನ್ಸರಿನ ಕಡೆಗೇ ಇರಬೇಕು. ತಿರುಗಿಸಿ ಕೂರಿಸಿದರೂ ಬೇರಿಂಗ್ ಸದ್ದಿಲ್ಲದೆ ಓಡುತ್ತದೆ, ಸೆನ್ಸರಿಗೆ ಮಾತ್ರ ಏನೂ ಸಿಗುವುದಿಲ್ಲ. ಸೀಲಿಗೆ ಸುತ್ತಿಗೆಯ ಏಟು ಬಿದ್ದಿದ್ದರೂ, ಸೆನ್ಸರಿನ ತಂತಿ ಎಳೆದು ಹೋಗಿದ್ದರೂ, ಕನೆಕ್ಟರ್ ಅರ್ಧ ಮಾತ್ರ ಕೂತಿದ್ದರೂ ಹೀಗೆಯೇ ಆಗುತ್ತದೆ. ಮುಳ್ಳು ಪೂರ್ತಿ ಸಾಯದೆ ಆಗಾಗ ಬೀಳುವುದರಿಂದ ನಾನಾದರೆ ಮೊದಲು ತಂತಿ ಮತ್ತು ಕನೆಕ್ಟರ್ ನೋಡುತ್ತೇನೆ. ಮಲೆನಾಡಿನ ಮಳೆಯಲ್ಲಿ ಅಲ್ಲಿ ನೀರು ಸೇರಿ ಹಸಿರು ತುಕ್ಕು ಹಿಡಿಯುವುದು ತುಂಬಾ ಸಾಮಾನ್ಯ.

ಸ್ಟಿಯರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ (ಕಾರಿನ ದೋಷ ಓದಲು ಸ್ಕ್ಯಾನರ್ ಜೋಡಿಸುವ ಜಾಗ) ಎಬಿಎಸ್ ಓದಬಲ್ಲ ಸ್ಕ್ಯಾನರ್ ಹಾಕಿಸಿ. ಕಾರು 20 ಕಿ.ಮೀ. ವೇಗದಲ್ಲಿ ನಿಧಾನವಾಗಿ ಹೋಗುವಾಗ ನಾಲ್ಕೂ ಚಕ್ರದ ವೇಗವನ್ನು ಒಂದೇ ಪರದೆಯಲ್ಲಿ ತೋರಿಸಲು ಹೇಳಿ. ಮೂರು 20 ತೋರಿಸಿ ಎಡಮುಂದಿನದು ಸೊನ್ನೆ ತೋರಿಸಿದರೆ ಮಾತು ಮುಗಿಯಿತು, ಮೀಟರ್ ಚೆನ್ನಾಗಿದೆ. ಬೇರಿಂಗ್ ಹಾಕಿದವರೇ ಅದನ್ನು ಸರಿಪಡಿಸಿಕೊಡಬೇಕು, ಹಾಗೆಂದು ಕೇಳಲು ಹಿಂಜರಿಯಬೇಡಿ. ಎಬಿಎಸ್ ದೀಪ ಹತ್ತಿರುವಾಗ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದರೆ ಚಕ್ರ ಜಾಮ್ ಆಗಿ ಜಾರುತ್ತದೆ. ಸರಿಯಾಗುವವರೆಗೆ ಆಗುಂಬೆ ಘಾಟಿಯ ಕಡೆ ಈ ಕಾರು ಬೇಡ.

ಪ್ರಶ್ನೆ (ನಿವೃತ್ತ ಬ್ಯಾಂಕ್ ನೌಕರರು, ಧಾರವಾಡ)

ನಮ್ಮ ಹಳೆಯ ಮಾರುತಿ 800ರಲ್ಲಿ 40 ದಾಟಿದರೆ ಮುಳ್ಳು ನಡುಗುತ್ತದೆ, ಟಿಕ್ ಟಿಕ್ ಸದ್ದು ಬರುತ್ತದೆ.

ಉತ್ತರ

ಕೇಬಲ್ ಒಣಗಿದೆ ಅಥವಾ ಎಲ್ಲೋ ಮಡಿಚಿದೆ. ಈ ಮೀಟರಿನ ಒಳಗೆ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ, ಅದು ಮುಟ್ಟದೆಯೇ ಒಂದು ಅಲ್ಯೂಮಿನಿಯಂ ಬಟ್ಟಲನ್ನು ಎಳೆಯುತ್ತದೆ, ಕೂದಲಿನಷ್ಟು ತೆಳುವಾದ ಸ್ಪ್ರಿಂಗ್ ಅದನ್ನು ಹಿಡಿದು ನಿಲ್ಲಿಸುತ್ತದೆ. 1902ರಲ್ಲಿ ಜರ್ಮನಿಯ ಒಟ್ಟೊ ಶುಲ್ಜೆ ಪೇಟೆಂಟ್ ಪಡೆದ ಇದೇ ವ್ಯವಸ್ಥೆ ನಿಮ್ಮ 800ರವರೆಗೂ ಬಂದಿದೆ. ಎಷ್ಟು ಚೆಂದದ ಯಂತ್ರ! ಇದನ್ನು ಎಸೆದು ಡಿಜಿಟಲ್ ಮೀಟರ್ ಹಾಕಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಒಳತಂತಿಯನ್ನು ಹೊರಗೆಳೆದು ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ. ಕುಪ್ಪಳಿಸಿದರೆ ಮಡಿಚಿದೆ, ಹೊಸದು ಹಾಕಿಸಿ. ನೇರವಾಗಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಕೆಳಗಿನ ಮೂರನೇ ಎರಡು ಭಾಗಕ್ಕೆ ಮಾತ್ರ ತೆಳುವಾಗಿ ಗ್ರಾಫೈಟ್ ಗ್ರೀಸ್ ಸವರಿ. ಮೇಲ್ತುದಿ ಒಣಗಿಯೇ ಇರಲಿ. ಗ್ರೀಸ್ ಮೇಲೇರಿ ಬಟ್ಟಲಿಗೆ ಅಂಟಿದರೆ ಮುಳ್ಳು ಸುಮ್ಮನೆ ಮೇಲಕ್ಕೆ ಹಾರುತ್ತದೆ. ಕೇಬಲ್ ಮತ್ತೆ ಹಾಕುವಾಗ ಎಲ್ಲೂ ಬಿಗಿಯಾದ ತಿರುವು ಇರದಂತೆ ನೋಡಿಕೊಳ್ಳಿ.

ಪ್ರಶ್ನೆ (ಟ್ಯಾಕ್ಸಿ ಚಾಲಕರು, ಬೆಂಗಳೂರು)

ಸ್ಪೀಡ್ ಗವರ್ನರ್ 80ಕ್ಕೆ ಲಾಕ್ ಆಗಿದೆ ಎನ್ನುತ್ತಾರೆ. ಮುಳ್ಳು 84–85ರವರೆಗೆ ಹೋಗುತ್ತದೆ. ತಪಾಸಣೆಯಲ್ಲಿ ತೊಂದರೆಯಾದೀತೇ?

ಉತ್ತರ

ಅಣ್ಣ, ನಿಮ್ಮದೂ ಮೇಷ್ಟ್ರ ಪ್ರಶ್ನೆಯೇ. ಗವರ್ನರ್ ತಡೆಯುವುದು ನಿಜವಾದ 80ರಲ್ಲಿ, ಮುಳ್ಳು ಹೆಚ್ಚುವರಿ ಸೇರಿಸಿ ತೋರಿಸುತ್ತದೆ. ಮೊಬೈಲಿನಲ್ಲಿ ನೋಡಿಕೊಳ್ಳಿ, 80ರ ಆಸುಪಾಸಿನಲ್ಲೇ ನಿಂತರೆ ಎಲ್ಲ ಸರಿಯಿದೆ. ಸೀಲ್ ಮುಟ್ಟಬೇಡಿ. ಟೈರ್ ಅಳತೆ ಬದಲಿಸಿದರೆ ಮಾತ್ರ ಗವರ್ನರನ್ನೂ, ಬಾಡಿಗೆ ಮೀಟರ್ ಇದ್ದರೆ ಅದನ್ನೂ ಮತ್ತೆ ಪರೀಕ್ಷೆ ಮಾಡಿಸಬೇಕು. ಪ್ರಯಾಣಿಕರು ಕೊಡುವ ಹಣ ಆ ಚಕ್ರದ ಸುತ್ತಿನ ಮೇಲೆ ನಿಂತಿದೆ.

ಪ್ರಶ್ನೆ (ಮತ್ತೆ ಮಂಡ್ಯದ ಶಿಕ್ಷಕರು)

ಪರೀಕ್ಷೆ ಮಾಡಿದೆ ಸರ್. ಮೈಸೂರಿಗೆ ಹೋಗಿಬಂದದ್ದು ನಕ್ಷೆಯಲ್ಲಿ 92 ಕಿ.ಮೀ., ಓಡೋಮೀಟರಿನಲ್ಲಿ 93. ಮುಳ್ಳಿನ ವ್ಯತ್ಯಾಸ 40ರಲ್ಲಿ 2, 80ರಲ್ಲಿ 5. ಟೈರ್ ಹಲ್ಲಿನ ಆಳ ಸುಮಾರು 3 ಮಿ.ಮೀ. ಉಳಿದಿದೆ.

ಉತ್ತರ

ಎಲ್ಲವೂ ಹೊಂದಿಕೆಯಾಗುತ್ತಿದೆ ಮೇಷ್ಟ್ರೇ. ಹೊಸ ಟೈರಿನ ಹಲ್ಲು ಸುಮಾರು 8 ಮಿ.ಮೀ. ಇರುತ್ತದೆ. ನಿಮ್ಮದು 5 ಸವೆದಿದೆ, ಅಂದರೆ ವ್ಯಾಸದಲ್ಲಿ 10 ಮಿ.ಮೀ. ಕಡಿಮೆ, ಶೇ. 1.6. ಓಡೋಮೀಟರಿನ ಆ ಒಂದು ಕಿ.ಮೀ. ಬಂದದ್ದು ಬಹುತೇಕ ಅಲ್ಲಿಂದಲೇ. ಮುಳ್ಳಿನ ಉಳಿದ ವ್ಯತ್ಯಾಸ ತಯಾರಕರದ್ದು. ಹಲ್ಲಿನ ನಡುವಿನ ಸಣ್ಣ ಉಬ್ಬುಗಳು 1.6 ಮಿ.ಮೀ. ಎತ್ತರದವು. ಅವುಗಳ ಮಟ್ಟಕ್ಕೆ ಸವೆಯುವವರೆಗೆ ಕಾಯದೆ ಮಳೆಗಾಲಕ್ಕೆ ಮುಂಚೆ ನಾಲ್ಕೂ ಟೈರ್ ಬದಲಿಸಿ, ಅಳತೆ 185/65 ಆರ್15 ಇರಲಿ. ಹೊಸ ಟೈರಿನಲ್ಲಿ 100ಕ್ಕೆ 94ರ ಬದಲು 95, 96 ಕಂಡರೆ ಗಾಬರಿಯಾಗಬೇಡಿ.