ಅಪ್ಪನ ಕಾಲಿನ ಉರಿ ನಿಂತಿದೆ, ಆದ್ರೆ ಚಪ್ಪಲಿ ಕಾಲಲ್ಲಿ ನಿಲ್ತಿಲ್ಲ

ಬದಿಯಡ್ಕದ_ಮಗ

ಎಲ್ರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡಿನ ಬದಿಯಡ್ಕ ಹತ್ರ, ಸ್ವಲ್ಪ ಅಡಿಕೆ ತೋಟ ಉಂಟು. ಅಪ್ಪನಿಗೆ 63, ಶುಗರ್ ಬಂದು 15 ವರ್ಷದ ಮೇಲಾಯ್ತು, ಸುರುವಿಂದಲೂ ಮೆಟ್‌ಫಾರ್ಮಿನ್, ಈಗ ಒಟ್ಟಿಗೆ ಗ್ಲಿಮಿಪಿರೈಡ್ ಕೂಡ, ಎರಡೂ ಶುಗರಿನ ಮಾತ್ರೆ. ಕೆಲವು ವರ್ಷ ಹಿಂದೆ ರಾತ್ರಿ ಪಾದ ಉರಿ, ಸೂಜಿ ಚುಚ್ಚಿದ ಹಾಗೆ, ಹೊದಿಕೆ ತಾಗಿದ್ರೂ ಆಗ್ತಿರ್ಲಿಲ್ಲ, ಆಗ ಪ್ರೆಗಾಬಲಿನ್ ಕೊಟ್ಟಿದ್ರು. ಈಗ ಉರಿ ಇಲ್ಲ. ಹಾಗಾಗಿ ಅಪ್ಪನ ಲೆಕ್ಕದಲ್ಲಿ ನರದ್ದು ಗುಣ ಆಗಿದೆ, ಆ ಮಾತ್ರೆಯೂ ನಿಲ್ಲಿಸಿ ಆಯ್ತು.

ನನಗೆ ತಲೆಬಿಸಿ ಆಗಿರುದು ಬೇರೆ. ಹವಾಯಿ ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳೀತದೆ, ಇವರು ಮುಂದೆ ಹೋಗ್ತಾರೆ, ಗೊತ್ತೇ ಆಗುದಿಲ್ಲ. ಬೆರಳೆಲ್ಲ ಹಕ್ಕಿ ಕಾಲಿನ ಹಾಗೆ ಮುದುಡಿದೆ, ಪಾದದ ಮೇಲ್ಬದಿ ಎಲುಬಿನ ಸಂದಿಯಲ್ಲಿ ಮಾಂಸ ಇಳಿದು ಗುಳಿ ಬಿದ್ದಿದೆ, ಅಡಿಯಲ್ಲಿ ಹೆಬ್ಬೆರಳ ಬುಡಕ್ಕೆ ದಪ್ಪ ಆಣಿ. ಜಗಲಿ ಮೆಟ್ಲು ಹತ್ತುವಾಗ ಮುಂಗಾಲು ತಾಗಿ ಎಡವುದು ಈಗ ಮಾಮೂಲು. ತೋರಿಸಿದ ಕಡೆ ಶುಗರ್ ರಿಪೋರ್ಟ್ ನೋಡಿ ಪ್ರಾಯ ಆಯ್ತಲ್ಲ ಅಂದ್ರು, ಕಾಲನ್ನು ಬಗ್ಗಿ ನೋಡ್ಲೇ ಇಲ್ಲ.

ಉರಿ ಹೋದ್ರೆ ಗುಣ ಆದ ಹಾಗಾ? ಶಕ್ತಿ ವಾಪಸ್ ಬರ್ತದಾ? ಕೆಲವರು ಮೊದಲು ಗೇರು ತೋಟಕ್ಕೆ ಸಿಂಪಡಿಸ್ತಿದ್ದ ಎಂಡೋಸಲ್ಫಾನ್ ಕೀಟನಾಶಕದಿಂದ ಇರಬಹುದು ಅಂತಲೂ ಹೇಳ್ತಾರೆ, ನಮ್ಮೂರಲ್ಲಿ ನರದ ವಿಷಯ ಎಂತ ಬಂದ್ರೂ ಮೊದಲು ಅದೇ ಬರುದಲ್ಲ.

ಪೆರ್ಲದ_ಅಕ್ಕ

ತಮ್ಮಾ, ನಾನು ತುಂಬ ವರ್ಷ ಮಂಗಳೂರಲ್ಲಿ ನರ್ಸ್ ಆಗಿದ್ದವಳು, ನೇರ ಹೇಳ್ತೇನೆ ಬೇಜಾರು ಮಾಡ್ಬೇಡ. ಉರಿ ತನ್ನಷ್ಟಕ್ಕೆ ನಿಂತದ್ದು, ಒಟ್ಟಿಗೆ ಚಪ್ಪಲಿ ಬಿದ್ದದ್ದೂ ಗೊತ್ತಾಗುದಿಲ್ಲ ಅಂದ್ರೆ ಅದು ಗುಣ ಅಲ್ಲ, ಹೆಚ್ಚಾಗಿ ನೋವು ಹೇಳುವ ನರವೇ ಸತ್ತದ್ದು. ಉರೀತಾ ಇದ್ದಾಗ ನರ ಹಾಳಾಗ್ತಾ ಇತ್ತು, ಈಗ ಹೇಳ್ಲಿಕ್ಕೆ ಅಲ್ಲಿ ಏನೂ ಉಳಿದಿಲ್ಲ. ಪ್ರೆಗಾಬಲಿನ್, ಗಾಬಾಪೆಂಟಿನ್, ಡುಲೊಕ್ಸೆಟಿನ್ ಇದೆಲ್ಲ ನೋವಿಗೆ ಮಾತ್ರ, ನರ ರಿಪೇರಿ ಮಾಡುವ ಮಾತ್ರೆ ಅಲ್ಲ, ಮಾಂಸಕ್ಕೆ ಶಕ್ತಿ ಕೊಡುದೂ ಇಲ್ಲ.

ಶುಗರಲ್ಲಿ ಅತಿ ಉದ್ದದ ನರಕ್ಕೆ ಮೊದಲು ಪೆಟ್ಟು, ಹಾಗಾಗಿ ಪಾದದಿಂದಲೇ ಸುರು, ಎರಡೂ ಕಾಲಿಗೆ ಹೆಚ್ಚುಕಮ್ಮಿ ಸಮವಾಗಿ, ಮತ್ತೆ ನಿಧಾನಕ್ಕೆ ಮೇಲೆ ಬರ್ತದೆ. ಮೊದಲು ಸ್ಪರ್ಶ ಹೋಗ್ತದೆ, ಆಮೇಲೆ ಸ್ನಾಯು. ಎಂಡೋಸಲ್ಫಾನಿಂದ ನಮ್ಮ ಎಣ್ಮಕಜೆ ಕಡೆಯವರಿಗೆ ಆದ ಅನ್ಯಾಯ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ 15 ವರ್ಷದ ಶುಗರ್ ಇರುವಾಗ ಈ ರೀತಿ ಬೆರಳಿಂದ ಸುರು ಆದದ್ದಕ್ಕೆ ಮೊದಲು ಶುಗರನ್ನೇ ಹಿಡೀಬೇಕು.

ಆದ್ರೆ ಎಲ್ಲವನ್ನೂ ಶುಗರ್ ತಲೆಗೆ ಕಟ್ಟಿ ಕೂರುದೂ ಸರಿ ಅಲ್ಲ. ಬಿ12 ಮಾಡ್ಸಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದ್ರೆ ಬಿ12 ಹೀರಿಕೊಳ್ಳುದು ಕಮ್ಮಿ ಆಗ್ತದೆ, ಮೀನು ಮೊಟ್ಟೆ ತಿನ್ನದ ಮನೆ ಆದ್ರೆ ಇನ್ನೂ ಕಮ್ಮಿ, ಅದರಿಂದಲೂ ಇದೇ ಥರ ಕಾಲು ಜೋಮು ಬರ್ತದೆ. ಇದಾದ್ರೆ ಇಂಜೆಕ್ಷನ್ನೋ ಮಾತ್ರೆಯೋ ಕೊಟ್ರೆ ಸರಿ ಮಾಡ್ಲಿಕ್ಕೆ ಆಗುವ ಕಾರಣ, ತುಂಬ ತಡ ಆಗಿರ್ಬಾರದು ಅಷ್ಟೆ. ಥೈರಾಯ್ಡ್, ಕಿಡ್ನಿಯದ್ದು ಕೂಡ ನೋಡ್ಲಿ. ಕುಡಿಯುವ ಅಭ್ಯಾಸ ಇದ್ರೆ ಡಾಕ್ಟ್ರ ಹತ್ರ ಮುಚ್ಚಿಡ್ಬೇಡಿ.

ನೀರ್ಚಾಲ್_ಭಟ್ರು

ನಮ್ಮ ಮನೆಯಲ್ಲೂ ಇದೇ ಕತೆ. ಬಿಸಿನೀರಿಗೆ ಉಪ್ಪು ಹಾಕಿ ದಿನಾ ರಾತ್ರಿ ಕಾಲು ಮುಳುಗಿಸಿ ಇಡ್ಲಿಕ್ಕೆ ಹೇಳಿ, ಮತ್ತೆ ತೆಂಗಿನೆಣ್ಣೆ ಜೋರು ಉಜ್ಜಿ, ರಕ್ತ ಓಡಾಡ್ತದೆ. ಖರ್ಚಿಲ್ಲ.

ಪೆರ್ಲದ_ಅಕ್ಕ

ಭಟ್ರೇ, ಎಣ್ಣೆಗೆ ಅಡ್ಡಿಲ್ಲ, ಚರ್ಮ ಒಡೆಯುದಿಲ್ಲ, ಬೆರಳ ಸಂದಿಗೆ ಮಾತ್ರ ಹಾಕ್ಬಾರದು, ಅಲ್ಲಿ ಪಸೆ ನಿಂತ್ರೆ ಫಂಗಸ್ ಬರ್ತದೆ, ಮಳೆಗಾಲದಲ್ಲಿ ತೋಟದಿಂದ ಬಂದವರಿಗಂತೂ ಕೇಳುದೇ ಬೇಡ. ಆದ್ರೆ ಬಿಸಿನೀರು ದಯಮಾಡಿ ಬೇಡ. ಬಿಸಿ ಗೊತ್ತಾಗದ ಕಾಲು ಅದು, ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುದು. ಬಚ್ಚಲು ಒಲೆಯ ನೀರಿಗೆ ಕಾಲು ಇಟ್ಟು ಸುಟ್ಟುಕೊಂಡು ಬಂದವರನ್ನು ವಾರ್ಡಲ್ಲಿ ಎಷ್ಟೋ ನೋಡಿದ್ದೇನೆ. ದೇವಸ್ಥಾನದ ಅಂಗಳದ ಕಲ್ಲೂ ಹಾಗೇ, ಮಧೂರಿಗೆ ಹೋಗುದಾದ್ರೆ ಬೆಳಿಗ್ಗೆ ತಂಪಿರುವಾಗಲೇ ಹೋಗಿ ಬರ್ಲಿ.

ಉಪ್ಪಳ_ಫಿಸಿಯೋ

ನಾನು ಫಿಸಿಯೋಥೆರಪಿಸ್ಟ್, ಇಂಥ ಕಾಲು ದಿನಾ ನೋಡುವವನು. ಶಕ್ತಿ ಬಗ್ಗೆ ಕೇಳಿದ್ರಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೀತೇನೆ.

ಪಾದದ ಒಳಗೇ ಹುಟ್ಟಿ ಒಳಗೇ ಮುಗಿಯುವ ಸಣ್ಣ ಸಣ್ಣ ಸ್ನಾಯುಗಳು ಉಂಟು, ಬೆರಳನ್ನು ನೇರ ಇಟ್ಟು ನೆಲಕ್ಕೆ ಒತ್ತಿ ಹಿಡಿಯುದು ಅವುಗಳ ಕೆಲಸ, ನಾವು ಹವಾಯಿ ಚಪ್ಪಲಿ ಹಿಡ್ಕೊಳ್ಳುದೂ ಹೆಚ್ಚಾಗಿ ಅದರಿಂದಲೇ. ಶುಗರಲ್ಲಿ ಮೊದಲು ಬತ್ತುದು ಇವೇ. ಮೊಣಕಾಲಿಂದ ಕೆಳಗೆ ಹುಟ್ಟಿ ಬೆರಳಿಗೆ ಬರುವ ಉದ್ದ ಸ್ನಾಯುಗಳಲ್ಲಿ ಇನ್ನೂ ಬಲ ಇರ್ತದೆ, ಅವು ಒಂದೇ ಸಮ ಎಳೀತವೆ, ತಡಿಯುವವರು ಯಾರೂ ಇಲ್ಲ, ಹಾಗೆ ಬೆರಳು ಬುಡದಲ್ಲಿ ಮೇಲೆದ್ದು ತುದಿಯಲ್ಲಿ ಮುದುಡ್ತದೆ. ಬೆರಳ ಬುಡದ ಅಡಿ ಮೆತ್ತಗೆ ಇದ್ದ ಕೊಬ್ಬು ಆಗ ಮುಂದಕ್ಕೆ ಜಾರ್ತದೆ, ಎಲುಬಿನ ತಲೆ ನೇರ ನೆಲಕ್ಕೆ ಕುಟ್ತದೆ, ಚರ್ಮ ದಪ್ಪ ಆಗಿ ಆಣಿ ಆಗ್ತದೆ. ನಿಮ್ಮ ಅಪ್ಪನ ಆ ಆಣಿಯೇ ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು, ಯಾಕಂದ್ರೆ ಹುಣ್ಣು ಹೆಚ್ಚಾಗಿ ಅದರ ಅಡಿಯಲ್ಲೇ ಸುರು ಆಗುದು, ಹೊರಗೆ ಕಾಣುದೇ ಇಲ್ಲ. ಆಣಿ ಒಳಗೆ ಕಪ್ಪೋ ಕೆಂಪೋ ಕಲೆ ಕಂಡ್ರೆ ಅದೇ ದಿನ ಹೋಗಿ. ಬ್ಲೇಡಲ್ಲಿ ಕೊಯ್ಯುದು, ಮೆಡಿಕಲಿಂದ ಆಣಿ ಪ್ಲಾಸ್ಟರ್ ತಂದು ಅಂಟಿಸುದು ಎರಡೂ ಬೇಡ, ಆ ಪ್ಲಾಸ್ಟರಲ್ಲಿ ಆಸಿಡ್ ಇರ್ತದೆ ಮಾರಾಯ್ರೆ.

ಮನೆಯಲ್ಲೇ ನೋಡ್ಲಿಕ್ಕೆ ಒಂದು ಪರೀಕ್ಷೆ ಉಂಟು, ಮೊದಲು ಕುಷ್ಠರೋಗದವರ ಪಾದ ನೋಡ್ಲಿಕ್ಕೆ ಮಾಡ್ತಿದ್ದದ್ದು. ಕುರ್ಚಿಯಲ್ಲಿ ಕೂರ್ಸಿ ಹೆಬ್ಬೆರಳ ಅಡಿಗೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಒತ್ತಿ ಹಿಡೀಲಿಕ್ಕೆ ಹೇಳಿ, ನೀವು ಮೆಲ್ಲ ಎಳೀರಿ. ಸಲೀಸಾಗಿ ಬಂದ್ರೆ ಬಲ ಇಲ್ಲ ಅಂತ ಲೆಕ್ಕ. ಮತ್ತೆ ಗೋಡೆ ಹಿಡ್ಕೊಂಡು ಹಿಮ್ಮಡಿಯಲ್ಲಿ ನಿಂತು ಮುಂಗಾಲು ಎತ್ಲಿಕ್ಕೆ ಹೇಳಿ, ನೀವು ಹತ್ರ ನಿಂತಿರಿ. ಎತ್ಲಿಕ್ಕೆ ಆಗದಿದ್ರೆ ಎಡವುದಕ್ಕೆ ಅದೇ ಕಾರಣ. ಎರಡೂ ಕಾಲಲ್ಲಿ ಆದ್ರೆ ಶುಗರ್ ಇರಬಹುದು, ಒಂದೇ ಕಾಲು ಏಕಾಏಕಿ ಹೀಗೆ ಬಿದ್ರೆ ಬೆನ್ನಿನ ಡಿಸ್ಕ್ ಅಥವಾ ಮೊಣಕಾಲ ಹೊರಬದಿಯಲ್ಲಿ ಒತ್ತಿಹೋದ ನರ, ಅಡಿಕೆ ಹೆಕ್ಕಲಿಕ್ಕೆ ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂರುವವರಿಗೆ ಹಾಗೆ ಆಗುದುಂಟು.

ಬತ್ತಿದ ಸಣ್ಣ ಸ್ನಾಯು ಮೊದಲಿನ ಹಾಗೆ ತುಂಬಿ ಬರ್ತದೆ ಅಂತ ನಾನು ಆಸೆ ಹುಟ್ಟಿಸುದಿಲ್ಲ. ಆದ್ರೆ ವ್ಯಾಯಾಮದಿಂದ ಉಳಿದದ್ದಕ್ಕೆ ಬಲ ಬರ್ತದೆ, ಬ್ಯಾಲೆನ್ಸ್ ಸರಿ ಆಗ್ತದೆ, ಬೀಳುದು ಕಮ್ಮಿ ಆಗ್ತದೆ. ಮೀನಖಂಡ ಎಳೆದು ಸಡಿಲ ಮಾಡುದು, ಬಾಗಿಲ ದಾರಂದ ಹಿಡ್ಕೊಂಡು ಹಿಮ್ಮಡಿ ಎತ್ತುದು, ಕೂತು ಮುಂಗಾಲು ಎತ್ತುದು, ಬೆರಳು ಮಡಚದೆ ಪಾದದ ಕಮಾನು ಮಾತ್ರ ಗಟ್ಟಿ ಮಾಡುದು. ಯೂಟ್ಯೂಬಲ್ಲಿ ತೋರಿಸುವ ಬೆರಳಲ್ಲಿ ಟವೆಲ್ ಎಳೆಯುದನ್ನು ಮುದುಡಿದ ಬೆರಳಿನವರಿಗೆ ನಾನು ಕೊಡುದಿಲ್ಲ, ಉದ್ದ ಸ್ನಾಯು ಇನ್ನೂ ಜೋರಾಗಿ ಒಳಗೆ ಎಳೀತದೆ ಅಷ್ಟೆ. ಹುಣ್ಣು ಇದ್ರೆ ನಿಂತು ಮಾಡುವ ಯಾವುದೂ ಬೇಡ.

ಮತ್ತೆ ಹವಾಯಿ ಇವತ್ತೇ ಬಿಸಾಡಿ. ಎಂಸಿಆರ್ ರಬ್ಬರಿನ ಮೆತ್ತನೆ ಅಟ್ಟೆ, ಹಿಂದೆ ಪಟ್ಟಿ ಇರುವ, ಬೆರಳಿಗೆ ಜಾಗ ಇರುವ ಚಪ್ಪಲಿ ತೆಗೊಳ್ಳಿ. ಅಳತೆ ಸಂಜೆ ಹೊತ್ತು ಕೊಡಿ, ಆಗ ಪಾದ ಸ್ವಲ್ಪ ಬಾತಿರ್ತದೆ. ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಕುಷ್ಠರೋಗದವರಲ್ಲಿ ತೋರಿಸಿಕೊಟ್ಟದ್ದು ಇದನ್ನೇ, ಕಾಲು ಹಾಳಾಗುದು ನೋವು ಗೊತ್ತಾಗದ್ದರಿಂದ, ಹಾಗಾಗಿ ಪಾದಕ್ಕೆ ಬೀಳುವ ಒತ್ತಡ ತಪ್ಪಿಸ್ಬೇಕು ಅಂತ. ಮುಂಗಾಲು ಪೂರ್ತಿ ಬೀಳ್ತಾ ಇದ್ರೆ ಎಎಫ್ಓ ಅಂತ ಪಾದ ಎತ್ತಿ ಹಿಡಿಯುವ ಒಂದು ಸ್ಪ್ಲಿಂಟ್ ಉಂಟು, ಅದನ್ನು ಅಳತೆ ಕೊಟ್ಟು ಒಳಗೆ ಮೆತ್ತೆ ಹಾಕಿಸಿಯೇ ಮಾಡಿಸ್ಬೇಕು, ರೆಡಿಮೇಡ್ ತಂದ್ರೆ ಅದುವೇ ತಾಗಿ ಹುಣ್ಣು ಮಾಡೀತು.

ಬದಿಯಡ್ಕದ_ಮಗ

ತುಂಬ ಉಪಕಾರ ಆಯ್ತು. ಕಾರ್ಡ್ ಪರೀಕ್ಷೆ ಮಾಡಿದೆ, ಎರಡೂ ಕಾಲಲ್ಲಿ ಎಳೆದ ಕೂಡ್ಲೇ ಬಂತು, ಅಪ್ಪ ನೀನು ಮೋಸ ಮಾಡಿದ್ದು ಅಂತ ನನಗೇ ಜೋರು ಮಾಡಿದ್ರು. ಇನ್ನೊಂದು ಕೇಳ್ಲಿಕ್ಕುಂಟು, ಎಡಗಾಲು ಕಾಲಗಂಟಿನ ಹತ್ರ ಎರಡು ದಿನದಿಂದ ಬಾತಿದೆ, ನೋವಿಲ್ಲ ಅಂತಾರೆ, ಉಳುಕಿರಬಹುದಾ?

ಉಪ್ಪಳ_ಫಿಸಿಯೋ

ನಿಮ್ಮ ಅಂಗೈಯ ಹಿಂಬದಿ ಎರಡೂ ಕಾಲಿಗೆ ಇಟ್ಟು ನೋಡಿ. ಬಾತದ್ದು ಇನ್ನೊಂದಕ್ಕಿಂತ ಬಿಸಿ ಇದ್ರೆ ವ್ಯಾಯಾಮ ಎಲ್ಲ ನಿಲ್ಲಿಸಿ, ನಡೆಸ್ಲೇಬೇಡಿ, ನಾಳೆಯೇ ಕರ್ಕೊಂಡು ಹೋಗಿ ಎಕ್ಸ್‌ರೇ ತೆಗೆಸಿ. ಶಾರ್ಕೋ ಅಂತ ಒಂದು ಉಂಟು, ಸ್ಪರ್ಶ ಇಲ್ಲದ ಕಾಲಲ್ಲಿ ಎಲುಬು ಸಂದು ಒಳಗೊಳಗೇ ಪುಡಿ ಆಗುದು, ನೋವು ಕಮ್ಮಿ ಇರುದರಿಂದ ಉಳುಕು ಅಂತಲೋ ಯೂರಿಕ್ ಆಸಿಡ್ ಅಂತಲೋ ದಿನ ಹೋಗ್ತದೆ, ಅದರ ಮೇಲೆಯೇ ನಡೆದು ಪಾದದ ಆಕಾರವೇ ಹೋಗ್ತದೆ. ಸುರುವಿಗೆ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ರೂ ಬಿಸಿ ಇದ್ರೆ ಬಿಡ್ಬೇಡಿ, ಎಂಆರ್‌ಐ ಬೇಕಾ ಅಂತ ಕೇಳಿ. ಬ್ಯಾಂಡೇಜಲ್ಲ, ಎಲುಬು ಮುರಿದವರಿಗೆ ಹಾಕುವ ಹಾಗೆ ಗಟ್ಟಿ ಪ್ಲಾಸ್ಟರ್ ಹಾಕಿ ಭಾರ ತಪ್ಪಿಸುದೇ ಚಿಕಿತ್ಸೆ.

ಬದಿಯಡ್ಕದ_ಮಗ

ಬಿಸಿ ಉಂಟು. ನಾಳೆ ಬೆಳಿಗ್ಗೆಯೇ ಕಾರು ಮಾಡಿ ಮಂಗಳೂರಿಗೆ ಹೊರಡ್ತೇವೆ.

ಪೆರ್ಲದ_ಅಕ್ಕ

ಹೊರಡುವಾಗ ಹಳೆ ಚೀಟಿಗಳೆಲ್ಲ ತೆಗೊಂಡು ಹೋಗು, ಮಾತ್ರೆ ಸ್ಟ್ರಿಪ್ ಸಮೇತ. ಕಾರಿಂದ ಇಳಿದ ಕೂಡ್ಲೇ ವೀಲ್‌ಚೇರ್ ಕೇಳು, ಅಪ್ಪ ಬೇಡ ಅಂತಾರೆ, ಕೇಳ್ಬೇಡ. ಸ್ಪರ್ಶ ನೋಡ್ಲಿಕ್ಕೆ 10 ಗ್ರಾಮಿನ ನೈಲಾನ್ ದಾರದ ಪರೀಕ್ಷೆ, ಕಂಪನ ಗೊತ್ತಾಗ್ತದಾ ನೋಡ್ಲಿಕ್ಕೆ ಟ್ಯೂನಿಂಗ್ ಫೋರ್ಕ್ ಎರಡೂ ಅಲ್ಲಿ ಮಾಡ್ತಾರೆ, ನರದ ಕರೆಂಟ್ ಪರೀಕ್ಷೆ ಬರೆದ್ರೆ ಅದನ್ನೂ ಮಾಡಿಸು. ಅದರ ರಿಪೋರ್ಟಲ್ಲಿ ಆಕ್ಸೋನಲ್, ಅಂದ್ರೆ ನರದ ಎಳೆಯೇ ಹಾಳಾದದ್ದು, ಅಂತ ಇದ್ರೆ ಶುಗರಿನ ಲೆಕ್ಕಕ್ಕೆ ಸರಿಹೋಗ್ತದೆ, ಡಿಮೈಲಿನೇಟಿಂಗ್, ಅಂದ್ರೆ ನರದ ಮೇಲಿನ ಹೊದಿಕೆ ಹಾಳಾದದ್ದು, ಅಂತ ಜೋರಾಗಿ ಬಂದ್ರೆ ಮಾತ್ರ ನ್ಯೂರಾಲಜಿಸ್ಟ್ ಹತ್ರ ಖಂಡಿತ ತೋರಿಸು, ಶುಗರ್ ಇದ್ದವರಿಗೂ ಸಿಐಡಿಪಿ ಅಂತ ಇನ್ನೊಂದು ನರದ ಕಾಯಿಲೆ ಬರುದುಂಟು, ಮೈಯ ರೋಗನಿರೋಧಕ ಶಕ್ತಿಯೇ ನರದ ಮೇಲೆ ಬೀಳುದು, ಅದಕ್ಕೆ ಬೇರೆಯೇ ಔಷಧಿ, ಶಕ್ತಿ ವಾಪಸ್ ಬರುದೂ ಉಂಟು. ಆಮೇಲೆ ಮಾತ್ರೆಗೆ ಪ್ರತಿ ತಿಂಗಳು ಮಂಗಳೂರಿಗೆ ಓಡ್ಬೇಕು ಅಂತಿಲ್ಲ, ಇಲ್ಲಿಯ ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಲ್ಲಿ, ಅಂದ್ರೆ ಶುಗರ್ ಬಿಪಿಯಂಥ ಕಾಯಿಲೆ ನೋಡುವ ಕಡೆ, ಶುಗರಿನ ಮಾತ್ರೆ ಫ್ರೀ ಸಿಗ್ತದೆ, ಕಾಗದ ಹೆಚ್ಚಾಗಿ ಮಲಯಾಳದಲ್ಲಿ ಇರ್ತದೆ, ಅಪ್ಪನಿಗೆ ನೀನು ಓದಿ ಹೇಳ್ಬೇಕಾದೀತು.